ಮಾರುತ್ ವಿಮಾನಕ್ಕೆ ಜಾಗ್ವಾರ್‌ನ ಎಂಜಿನ್: 1:72 ಕಿಟ್‌ಗಳಲ್ಲಿ ಕಾಲ್ಪನಿಕ ಮಾಡೆಲ್ ಕಟ್ಟುವ ಬಗೆ

ಪ್ರಶ್ನೆ

ಮಾನ್ಯರೇ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಬಾರಿ ಹಾರಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನ, ಶಬ್ದದ ಎರಡು ಪಟ್ಟು ವೇಗದ ಗುರಿ ಇಟ್ಟುಕೊಂಡು ಹುಟ್ಟಿದರೂ ತಕ್ಕ ಎಂಜಿನ್ ಸಿಗದೆ ಕೊನೆಯವರೆಗೂ ಆರ್ಫಿಯಸ್ 703 ಎಂಜಿನ್‌ಗಳ ಜೋಡಿಯನ್ನೇ ನೆಚ್ಚಿಕೊಳ್ಳಬೇಕಾಯಿತು. 1970ರ ದಶಕದ ನಡುವಿನಲ್ಲಿ ಅದಕ್ಕೆ ಜಾಗ್ವಾರ್ ಯುದ್ಧವಿಮಾನದ ಅಡೂರ್ ಎಂಜಿನ್‌ಗಳು ದೊರೆತಿದ್ದರೆ ಆ ವಿಮಾನ ಹೇಗಿರುತ್ತಿತ್ತು ಎಂಬುದನ್ನು ಮಾಡೆಲ್ ರೂಪದಲ್ಲಿ ಕಾಣುವ ಆಸೆ ನನಗೆ ಬಹುಕಾಲದಿಂದ ಇದೆ. ನನ್ನ ಬಳಿ ಎರಡೂ ವಿಮಾನಗಳ 1:72 (ನಿಜದ ಗಾತ್ರದ 72ನೆಯ ಒಂದು ಭಾಗ) ಕಿಟ್‌ಗಳಿವೆ. ಜಾಗ್ವಾರ್‌ನ ಹಿಂಭಾಗವನ್ನು ಇಡಿಯಾಗಿ ಕತ್ತರಿಸಿ ಮಾರುತ್‌ಗೆ ಕೂಡಿಸಬಹುದೇ? ಗಾಳಿ ಒಳಹೋಗುವ ಇನ್‌ಟೇಕ್‌ಗಳನ್ನೂ ಬದಲಾಯಿಸಬೇಕೇ?

ಮೊದಲ ಉತ್ತರ

ಹಿಂಭಾಗವನ್ನು ಇಡಿಯಾಗಿ ಕೂಡಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಜಾಗ್ವಾರ್‌ನಲ್ಲಿ ಎಂಜಿನ್‌ಗಳ ಬಿಸಿ ಗಾಳಿ ಹೊರಬರುವ ನಳಿಗೆಗಳು ಬಾಲದ ಅಡಿಯಲ್ಲಿ, ಬಾಲದ ತುದಿಗಿಂತ ಸಾಕಷ್ಟು ಮುಂದೆಯೇ ಮುಗಿಯುತ್ತವೆ. ಮಾರುತ್‌ನಲ್ಲಾದರೋ ಅವೆರಡೂ ಒಡಲಿನ ತುತ್ತತುದಿಯಲ್ಲಿ ಅಕ್ಕಪಕ್ಕ ಕುಳಿತಿವೆ. ಆದ್ದರಿಂದ ಜಾಗ್ವಾರ್ ಕಿಟ್‌ನಿಂದ ನಿಮಗೆ ಬೇಕಾದುದು ನಳಿಗೆಗಳು ಮಾತ್ರ. ಅಡೂರ್ ಎಂಜಿನ್ ಆರ್ಫಿಯಸ್‌ಗಿಂತ ತೆಳು, ಆದರೆ ಆಫ್ಟರ್‌ಬರ್ನರ್ (ಹಿಂದೆ ಹೊರಬರುವ ಗಾಳಿಯಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ಸೇರಿದಾಗ ಅದಕ್ಕಿಂತ ಉದ್ದ. ಹಾಗಾಗಿ ಒಡಲು ದಪ್ಪಗಾಗಬೇಕಿಲ್ಲ, ಹಿಂದಕ್ಕೆ ತುಸು ಬೆಳೆದರೆ ಸಾಕು. ಈ ಅಳತೆಯಲ್ಲಿ ನಿಜದ ಒಂದು ಮೀಟರ್ ಎಂದರೆ ಸುಮಾರು 14 ಮಿಲಿಮೀಟರ್. ಏಳು ಮಿಲಿಮೀಟರ್ ಸೇರಿಸಿದರೆ ಅರ್ಧ ಮೀಟರ್ ಸಿಕ್ಕಂತಾಯಿತು.

ನಳಿಗೆಗಳ ನಡುವಿನ ಜಾಗವನ್ನು ಮಾತ್ರ ಚಪ್ಪಟೆಯಾಗಿ ಬಿಡಬೇಡಿ. ನಿಜವಾದ ಮಾರುತ್‌ಗೇ ಆಫ್ಟರ್‌ಬರ್ನರ್ ಅಳವಡಿಸಿದ ಪ್ರಯೋಗದಲ್ಲಿ ಹಿಂಬದಿ ಅಗಲವಾಗಿ ಗಾಳಿಯ ಎಳೆತ ಹೆಚ್ಚಿತು, ಹೊಸದಾಗಿ ದೊರೆತ ಬಲದಲ್ಲಿ ಒಂದು ಪಾಲನ್ನು ಆ ಎಳೆತವೇ ನುಂಗಿತು. 1970ರ ಜನವರಿ 10ರಂದು ಪರೀಕ್ಷಾ ಪೈಲಟ್ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರು ಪ್ರಾಣ ಕಳೆದುಕೊಂಡದ್ದು ಅಂಥದೇ ವಿಮಾನದ ಹಾರಾಟದಲ್ಲಿ. ಎಚ್‌ಎಎಲ್ ಬಳಿಯ ರಸ್ತೆಗೆ ಅವರ ಹೆಸರಿದೆ. ನಳಿಗೆಗಳ ನಡುವೆ ಹಿಂದಕ್ಕೆ ಚೂಪಾಗುತ್ತ ಹೋಗುವ ಒಂದು ತುಂಡನ್ನು ಕೂರಿಸಿದರೆ, ವಿಷಯ ಬಲ್ಲವರು ನಿಮ್ಮ ಮಾಡೆಲ್ಲನ್ನು ಒಪ್ಪುತ್ತಾರೆ.

ಎರಡನೆಯ ಉತ್ತರ

ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಎಂಜಿನ್ ಬದಲಾದಾಗ ವಿಮಾನದ ಮೈ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇಸ್ರೇಲಿನ ಕ್ಫಿರ್‌ಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಫ್ರಾನ್ಸಿನ ಮಿರಾಜ್ 5ರ ಒಡಲಿಗೆ ಅಮೆರಿಕದ ಜೆ79 ಎಂಜಿನ್ ಕೂಡಿಸಿದಾಗ, ಅದರ ಹೆಚ್ಚಿನ ಶಾಖವನ್ನು ತಣಿಸಲು ಬಾಲದ ಬುಡದಲ್ಲಿ ಗಾಳಿ ಹಿಡಿಯುವ ಬಾಯಿಯನ್ನು ಮೂಡಿಸಬೇಕಾಯಿತು, ಇನ್‌ಟೇಕ್‌ಗಳನ್ನು ಹಿಗ್ಗಿಸಬೇಕಾಯಿತು. ಅಮೆರಿಕದ ಎಕ್ಸ್-29 ಇನ್ನೂ ಮುಂದೆ ಹೋಯಿತು: ಎಫ್-5ಎ ವಿಮಾನದ ಮೂತಿ, ಎಫ್-16ರ ಹಿಂದಿನ ಚಕ್ರಗಳ ಕಾಲುಗಳು, ಮುಂದಕ್ಕೆ ಬಾಗಿದ ಹೊಸ ರೆಕ್ಕೆಗಳು, 1984ರಲ್ಲಿ ಅದು ಹಾರಿಯೂ ಬಿಟ್ಟಿತು. ಹೀಗೆ ಕೂಡಿಸಿದ ಒಂದೊಂದು ಭಾಗಕ್ಕೂ ಕಾರಣವಿತ್ತು. ನಮ್ಮ ಕಾಲ್ಪನಿಕ ವಿಮಾನಗಳಲ್ಲಿಯೂ ಆ ಕಾರಣ ಕಣ್ಣಿಗೆ ಕಾಣಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಮಾರುತ್‌ನ ಅರೆವೃತ್ತದ ಇನ್‌ಟೇಕ್‌ಗಳನ್ನೂ ಅವುಗಳೊಳಗಿನ ಅರ್ಧ ಶಂಕುಗಳನ್ನೂ ಹಾಗೆಯೇ ಉಳಿಸಿ. ಹೆಚ್ಚಿನ ವೇಗಕ್ಕೆ ಒಗ್ಗುವ ರಚನೆ ಅದೇ. ಜಾಗ್ವಾರ್‌ನ ಚೌಕಾಕಾರದ ಬಾಯಿಗಳನ್ನು ತಂದು ಅಂಟಿಸಿದರೆ ಮಾರುತ್‌ನ ಚಹರೆಯೇ ಅಳಿಸಿಹೋಗುತ್ತದೆ. ಅದರ ಬದಲು ಹಿಂಭಾಗದ ಇಕ್ಕೆಲಗಳಲ್ಲಿ ಗಾಳಿ ಹಿಡಿಯುವ ಎರಡು ಸಣ್ಣ ಬಾಯಿಗಳನ್ನು ಕೂರಿಸಿ. ಆಫ್ಟರ್‌ಬರ್ನರ್ ಇಂಧನವನ್ನು ಕುಡಿಯುವ ಪರಿ ಗೊತ್ತೇ ಇದೆ, ರೆಕ್ಕೆಗಳ ಅಡಿಗೆ ಜಾಗ್ವಾರ್‌ನ ದೊಡ್ಡ ಟ್ಯಾಂಕುಗಳು ಬರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿರುವ ಮಾರುತ್‌ನ ಹಿಂಭಾಗದ ಚಿತ್ರಗಳನ್ನು ತೆಗೆದುಕೊಂಡು ಬಂದ ಮೇಲೆಯೇ ಗರಗಸ ಕೈಗೆತ್ತಿಕೊಳ್ಳುತ್ತೇನೆ. ಕೂಡಿಸಿದ ಗೆರೆ ಕಾಣದಂತೆ ಮಾಡುವುದು ಹೇಗೆಂದು ಯಾರಾದರೂ ತಿಳಿಸುವಿರಾ?

ಮೂರನೆಯ ಉತ್ತರ

ಒಡಲಿನ ಸುತ್ತ ಬರುವ ಪ್ಯಾನೆಲ್ ಗೆರೆಯೊಂದನ್ನು (ಲೋಹದ ಹಾಳೆಗಳು ಕೂಡುವ ಗೆರೆ) ಆರಿಸಿಕೊಂಡು ಅದರ ಮೇಲೆಯೇ ಕತ್ತರಿಸಿ. ಆಗ ಬೆಸುಗೆ ಅರೆಬರೆ ಕಂಡರೂ ಅದು ವಿಮಾನದ್ದೇ ಗೆರೆ ಎನಿಸುತ್ತದೆ. ಗೆರೆಯ ಪಕ್ಕಕ್ಕೆ ದಪ್ಪ ಟೇಪನ್ನು ಸುತ್ತಿದರೆ ಗರಗಸ ಜಾರುವುದಿಲ್ಲ. ಉದ್ದ ಹೆಚ್ಚಿಸಲು ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ, ಅಂಟು ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಟ್ಟು, ಆಮೇಲೆ ಒಡಲಿನ ಆಕಾರಕ್ಕೆ ಉಜ್ಜಿ ಇಳಿಸಿ. ಪುಟ್ಟಿಯನ್ನು ತೆಳುವಾಗಿ ಹಲವು ಸಲ ಹಚ್ಚುವುದೇ ಮೇಲು, ದಪ್ಪಗೆ ಮೆತ್ತಿದರೆ ಒಣಗುವಾಗ ಕುಗ್ಗುತ್ತದೆ. ಬೂದು ಪ್ರೈಮರ್ ಹೊಡೆದು, ಓರೆ ಬೆಳಕಿನಲ್ಲಿ ಹಿಡಿದು ನೋಡಿದರೆ ಉಳಿದ ತಗ್ಗುಗಳೆಲ್ಲ ಎದ್ದು ಕಾಣುತ್ತವೆ.

ಡೆಕಾಲ್‌ಗಳ, ಅಂದರೆ ಮೈಮೇಲೆ ಅಂಟಿಸುವ ಗುರುತುಗಳ, ವಿಷಯಕ್ಕೆ ಬಂದರೆ, ಮಾರುತ್ ಹಾರಿಸಿದ್ದು 10, 31 ಮತ್ತು 220ನೆಯ ಸ್ಕ್ವಾಡ್ರನ್‌ಗಳು. ಅವುಗಳಲ್ಲೊಂದನ್ನು ಆರಿಸಿಕೊಂಡರೆ ನಿಮ್ಮ ಕಲ್ಪನೆ ಇತಿಹಾಸದ ಜೊತೆ ಸಲೀಸಾಗಿ ಹೊಂದಿಕೊಳ್ಳುತ್ತದೆ. ಹಿಂಭಾಗಕ್ಕೆ ಇಷ್ಟೆಲ್ಲ ತೂಕ ಸೇರುವುದರಿಂದ ಮಾಡೆಲ್ ಬಾಲದ ಮೇಲೆ ಕೂರದಂತೆ ಮೂತಿಯೊಳಗೆ ಸೀಸದ ಗುಂಡುಗಳನ್ನು ಅಂಟಿಸಬೇಕು; ಮೂತಿಯ ಎರಡು ಹೋಳುಗಳನ್ನು ಮುಚ್ಚುವ ಮೊದಲೇ ಟೇಪಿನಿಂದ ಎಲ್ಲವನ್ನೂ ಹಿಡಿಸಿ, ಚಕ್ರಗಳ ಮೇಲೆ ನಿಲ್ಲಿಸಿ ನೋಡಿ.