ಹಳೇ ಮನೆ, ದಪ್ಪ ಗೋಡೆ: ಹಿಂದಿನ ರೂಮಿಗೆ ವೈಫೈ ಬರ್ತಿಲ್ಲ, ರೂಟರ್ ಎಲ್ಲಿಡ್ಲಿ?

ತೀರ್ಥಹಳ್ಳಿ ಕಡೆಯವ:
ನಮಸ್ಕಾರ ಎಲ್ರಿಗೂ. ನಮ್ದು ತೀರ್ಥಹಳ್ಳಿ ಹತ್ರ ಹಳೇ ಹಂಚಿನ ಮನೆ, ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ಫೈಬರ್ ಹಾಕೋಕೆ ಬಂದವ್ರು ಜಗಲಿ ಮೂಲೇಲಿ ಕಬ್ಬಿಣದ ಬೀರು ಪಕ್ಕ ರೂಟರ್ ಕೂರ್ಸಿ ಹೋದ್ರು. ಜಗಲೀಲಿ ಸ್ಪೀಡ್ ಚೆನ್ನಾಗಿದೆ, ನಡುಮನೆ ದಾಟಿ ಹಿಂದಿನ ರೂಮಿಗೆ ಹೋದ್ರೆ ಒಂದೇ ಕಡ್ಡಿ, ತಂಗಿ ಆನ್‌ಲೈನ್ ಕ್ಲಾಸು ಅರ್ಧಕ್ಕೇ ನಿಲ್ತದೆ, ಪಾಪ ಈ ಮಳೇಲಿ ಜಗಲೀಲೇ ಕೂತು ಕೇಳ್ತಾಳೆ, ಎರಚಲು ಬೇರೆ ಹೊಡೀತದೆ. ದೊಡ್ಡ ಆಂಟೆನಾ ಇರೋ ಹೊಸ ರೂಟರ್ ತಗೊಳ್ಬೇಕಾ?

ಸಾಗರದ ಸಿಗ್ನಲ್:
ದುಡ್ಡು ಹಾಕ್ಬೇಡಿ ಮಾರಾಯ್ರೆ, ಮೊದ್ಲು ಜಾಗ ಬದಲಾಯ್ಸಿ. ಬೀರು ಪಕ್ಕದಿಂದ ತೆಗೀರಿ, ಕಬ್ಬಿಣ ಸಿಗ್ನಲ್ ದಾಟಕ್ಕೆ ಬಿಡಲ್ಲ, ಅದರ ಹಿಂದೆ ನೆರಳು ಬಿದ್ದಂಗೆ. ಮೂಲೇಲಿದ್ರೆ ಇನ್ನೊಂದು ಕಷ್ಟ, ಸಿಗ್ನಲ್ ಗೋಡೆ ಒಳಗೆ ಓರೆಯಾಗಿ ಹೋಗ್ಬೇಕು, 45 ಡಿಗ್ರಿ ಓರೆ ಆದ್ರೆ ನಿಮ್ಮ ಒಂದೂವರೆ ಅಡಿ ಗೋಡೆ ಎರಡಡಿ ದಾಟ್ತದೆ, ಅದ್ರ ಮೇಲೆ ಮಳೆಗಾಲದಲ್ಲಿ ಗೋಡೆ ತೇವ ಹಿಡಿದಿರ್ತದೆ, ತೇವ ಇದ್ದಷ್ಟೂ ಸಿಗ್ನಲ್ ಹೀರ್ಕೊಳ್ತದೆ. ನಮ್ಮ ಕಡೆ ಹಳೇ ಮನೇಲಿ ಬಾಗಿಲು ಒಂದರ ಹಿಂದೆ ಒಂದು ನೇರ ಇರ್ತವಲ್ಲ, ನಡುಮನೇಲಿ ಆ ಸಾಲಿಗೆ ಕಾಣೋ ಹಾಗೆ ಐದಾರಡಿ ಎತ್ತರದಲ್ಲಿಡಿ. ಮರದ ಬಾಗಿಲು ಕಲ್ಲಿನಷ್ಟು ತಡೆಯಲ್ಲ. ಫೈಬರ್ ವೈರ್ ಮಾತ್ರ ನೀವೇ ಎಳೀಬೇಡಿ, ಒಳಗಿರೋದು ಗಾಜಿನ ಎಳೆ, ಮಡಚಿದ್ರೆ ಹೋಯ್ತು. ಫೈಬರ್ ವೈರ್ ಬಂದು ಸೇರೋ ಬಾಕ್ಸ್ ರೂಟರಿಂದ ಬೇರೆ ಇದ್ರೆ ಅದು ಅಲ್ಲೇ ಇರ್ಲಿ, ಲ್ಯಾನ್ ಕೇಬಲ್ ಹಾಕಿ ರೂಟರ್ ಒಂದನ್ನೇ ಒಳಗೆ ತನ್ನಿ.

ಶಿವಮೊಗ್ಗ ಹುಡುಗ:
ಅಣ್ಣ ಹೇಳಿದ್ದು ಸರಿ. ಮೊಳೆ ಹೊಡೆಯೋ ಮುಂಚೆ ರೂಟರನ್ನ ಸ್ಟೂಲ್ ಮೇಲಿಟ್ಟು, ಫೋನಲ್ಲಿ ವೈಫೈ ಅನಲೈಜರ್ ಆ್ಯಪ್ ಹಾಕ್ಕೊಂಡು ರೂಮಿಂದ ರೂಮಿಗೆ ನಡೀರಿ. ಡಿಬಿಎಂ ಅಂತ ಮೈನಸ್ ನಂಬರ್ ಬರ್ತದೆ, -65 ಹತ್ರ ಇದ್ರೆ ವಿಡಿಯೋ ಕ್ಲಾಸ್ ಆರಾಮ, -80 ದಾಟಿದ್ರೆ ಕಷ್ಟ. 10 ಕಮ್ಮಿ ಆದ್ರೆ ಸಿಗ್ನಲ್ ಹತ್ತರಲ್ಲೊಂದು ಪಾಲಿಗಿಳೀತು ಅಂತ ಲೆಕ್ಕ. ರೂಟರಲ್ಲಿ 2.4, 5 ಗಿಗಾಹರ್ಟ್ಸ್ ಅಂತ ಎರಡು ಥರ ವೈಫೈ ಇದ್ರೆ, ಹಿಂದಿನ ರೂಮಿಗೆ 5 ಬೇಡ, 2.4 ಹಿಡೀರಿ, ಸ್ಪೀಡ್ ಕಮ್ಮಿಯಾದ್ರೂ ಗೋಡೆ ಚೆನ್ನಾಗಿ ದಾಟ್ತದೆ. ಆಂಟೆನಾ ತುದಿಯನ್ನ ಆ ರೂಮಿನ ಕಡೆ ಗುರಿ ಇಟ್ಟಂಗೆ ಬಗ್ಗಿಸ್ಬೇಡಿ, ತುದಿ ಕಡೆಗೇ ಸಿಗ್ನಲ್ ಕಮ್ಮಿ, ಸುತ್ತಲೂ ಜಾಸ್ತಿ. ನೆಟ್ಟಗೆ ನಿಲ್ಲಿಸಿ.

ತೀರ್ಥಹಳ್ಳಿ ಕಡೆಯವ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಬಾಕ್ಸ್ ಬೇರೇನೇ ಇತ್ತು, ಹದಿನೈದು ಮೀಟರ್ ಕೇಬಲ್ ತಂದು ನಡುಮನೆ ಕಂಬಕ್ಕೆ ರೂಟರ್ ಕಟ್ದೆ. ಹಿಂದಿನ ರೂಮಲ್ಲಿ -84 ಇದ್ದಿದ್ದು -66 ಆಯ್ತು, ಬಾಗಿಲು ಹಾಕಿದ್ರೆ -69. ಇವತ್ತು ತಂಗಿ ಒಳಗೇ ಕೂತು ಪೂರ್ತಿ ಕ್ಲಾಸ್ ಕೇಳಿದ್ಲು, ನಂಗೆ ಅಷ್ಟೇ ಬೇಕಿತ್ತು. ಅಡಿಕೆ ಅಟ್ಟಕ್ಕೆ ಇನ್ನೂ ಬರ್ತಿಲ್ಲ, ಅಲ್ಲಿಗೊಂದು ರಿಪೀಟರ್, ಅದೇ ವೈಫೈ ಹಿಡಿದು ಮುಂದಕ್ಕೆ ಕಳ್ಸೋ ಡಬ್ಬಿ, ಹಾಕ್ಲಾ?

ಸಾಗರದ ಸಿಗ್ನಲ್:
ಹಾಕೋದಾದ್ರೆ ಅಟ್ಟದಲ್ಲೇ ಇಡ್ಬೇಡಿ, ಅಲ್ಲಿ ಅದಕ್ಕೇ ಸಿಗ್ನಲ್ ಸಿಗಲ್ಲ, ಏಣಿ ಬುಡದಲ್ಲಿ -65 ಆಸುಪಾಸು ಬರೋ ಕಡೆ ಇಡಿ. ಗುಡುಗು ಶುರುವಾದ್ರೆ ಬಾಕ್ಸ್, ರೂಟರ್ ಎರಡರ ಪ್ಲಗ್ಗೂ ಕಿತ್ತಿಡಿ.