ಆಡಿಯೋದಲ್ಲಿ 'ಕೋತಿ' ಅಂತ ಬಂದರೆ ಏನಂತ ಟೈಪ್ ಮಾಡಬೇಕು?

ಟೈಪಿಂಗ್‌ರಾಜ, ತುಮಕೂರು:
ಮನೆಯಲ್ಲೇ ಕೂತು ಆಡಿಯೋ ಕೇಳಿ ಟೈಪ್ ಮಾಡಿಕೊಡುವ ಕೆಲಸ ನನ್ನದು. ಹನಿ ನೀರಾವರಿ, ಸ್ತ್ರೀಶಕ್ತಿ ಸಂಘ, ಇಂಥವೇ ಜಾಸ್ತಿ ಬರುತ್ತವೆ. ಈ ವಾರ ಬಂದದ್ದು ಲೈಂಗಿಕ ಅಲ್ಪಸಂಖ್ಯಾತರ ಸಂದರ್ಶನ. ಶುರುವಿನಲ್ಲೇ ಒಬ್ಬರು "ನಾನು ಕೋತಿ ಅಂತ ಗೊತ್ತಾಗಿದ್ದೇ ಮೆಜೆಸ್ಟಿಕ್‌ಗೆ ಬಂದ ಮೇಲೆ" ಅಂದರು. ಯಾರೋ ಅವರನ್ನ ಹಾಗೆ ಬೈದಿರಬೇಕು ಅಂದುಕೊಂಡು, ಬ್ರಾಕೆಟ್ಟಿನಲ್ಲಿ 'ಬೈಗುಳ' ಅಂತ ಹಾಕಿ ಮುಂದೆ ಹೋದೆ. ಆಮೇಲೆ ನೋಡಿದರೆ ಪುಟಪುಟಕ್ಕೂ ಕೋತಿ, ಪಂತಿ, ಅಕ್ವಾ, ಡಬಲ್ ಡೆಕ್ಕರ್. ಅವರು ನಗುನಗುತ್ತಾ ಹೇಳುತ್ತಿದ್ದಾರೆ! ಕೆಲಸ ಕೊಟ್ಟ ಮೇಡಂ "ಮರ್ಯಾದೆಯಾಗಿರಲಿ, ಎಲ್ಲ ಕಡೆ ಮಂಗಳಮುಖಿ ಅಂತ ಹಾಕಿಬಿಡಿ" ಅಂತಾರೆ. ಹಾಕಬಹುದಾ? ಸೋಮವಾರ ಫೈಲ್ ಕೊಡಬೇಕು.

ಸಂಪಿಗೆ, ದಾವಣಗೆರೆ:
ದಯವಿಟ್ಟು ಹಾಕಬೇಡಿ. ನಾನೂ ಕೋತಿಯೇ. ಮೊದಲ ಸಲ ಕೇಳಿದಾಗ ನನಗೂ ಮರದ ಮೇಲಿನ ಮಂಗವೇ ನೆನಪಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕನ್ನಡ ಬಾರದ ಊರುಗಳಲ್ಲೂ ಇದೇ ಪದ ಓಡಾಡುತ್ತೆ. ಹುಟ್ಟಿದ್ದು ಗಂಡಾಗಿ, ಒಳಗಿನ ಮನಸ್ಸು, ನಡೆ ಹೆಣ್ಣಿನದು, ಮನಸ್ಸು ಹೋಗುವುದು ಗಂಡಸರ ಕಡೆ. ಸೀರೆ ಉಟ್ಟರೆ ಸಾಟ್ಲಾ ಕೋತಿ. ನನ್ನ ಥರದವರು ಪ್ಯಾಂಟ್ ಶರ್ಟ್ ಕೋತಿ. ಹೆಂಡತಿ ಮಕ್ಕಳು ಇರುವವರೂ ಇದ್ದಾರೆ. ಅಂಥವರನ್ನ ಮಂಗಳಮುಖಿ ಅಂತ ಬರೆದರೆ ಓದುವವರಿಗೆ ಬೇರೆಯೇ ಚಿತ್ರ ಬರುತ್ತೆ ಅಲ್ವಾ?

ಪಂತಿ ಅಂದರೆ ನಮಗೆ ಬೇಕಾದ ಗಂಡಸು. ಮಜಾ ಏನಂದರೆ, ತಾನು ಪಂತಿ ಅನ್ನೋದು ಪಂತಿಗೇ ಗೊತ್ತಿರಲ್ಲ. ಬಸ್ಸಿನಲ್ಲಿ ಚೆಂದದ ಕಂಡಕ್ಟರ್ ಬಂದರೆ "ಪಂತಿ ನೋಡೇ" ಅಂತ ಪಿಸುಗುಟ್ಟುತ್ತೇವೆ. ಅವನು ಪಾಪ ಚಿಲ್ಲರೆ ಎಣಿಸುತ್ತಿರುತ್ತಾನೆ. ಹಾಸಿಗೆಯಲ್ಲಿ ಕೋತಿ ಥರವೂ ಪಂತಿ ಥರವೂ ಇರುವವರು ಡಬಲ್ ಡೆಕ್ಕರ್. ಹಿಜ್ರಾ ಮನೆಗೆ ಸೇರಿ ಆಪರೇಷನ್ ಆಗಿರದಿದ್ದರೆ ಅಕ್ವಾ, ಆಗಿದ್ದರೆ ನಿರ್ವಾಣ. ಇವೆಲ್ಲ ನಾವು ನಾವೇ ಆಡುವ ಮಾತು. ಹೊರಗಿನವರ ಮುಂದೆ ಗುಟ್ಟಾಗಿ ಮಾತಾಡೋಕೂ ಆಗುತ್ತೆ.

ಬೈಗುಳ ಬೇಕಿದ್ದರೆ ಅವು ಬೇರೆ ಇವೆ. ಚಕ್ಕಾ, ಖೋಜಾ, ಹೆಣ್ಣಿಗ, ಒಂಬತ್ತು. ಎಂಟನೇ ಕ್ಲಾಸಿನಲ್ಲಿ ನನ್ನ ಹಾಜರಿ ನಂಬರೇ ಒಂಬತ್ತು. ಮೇಷ್ಟ್ರು ಎಂಟು ಅಂದ ಕೂಡಲೇ ಹಿಂದಿನ ಬೆಂಚು ಕೆಮ್ಮೋಕೆ ಶುರು ಮಾಡೋದು. ನಾನು "ಎಸ್ ಸಾರ್" ಅನ್ನೋದನ್ನೇ ಬಿಟ್ಟೆ, ಸುಮ್ನೆ ಕೈ ಎತ್ತುತ್ತಿದ್ದೆ.

ಹೊಸಪೇಟೆ ಹುಡುಗ:
ಆಡಿಯೋದಲ್ಲಿ ನಮ್ಮ ಕಡೆಯವರಿದ್ದರೆ ಜೋಗಪ್ಪ, ಜೋಗತಿ ಅನ್ನೋದೂ ಬರಬಹುದು. ಅದನ್ನೂ ಹಿಜ್ರಾ ಅಂತ ತಿದ್ದಬೇಡಿ. ಸವದತ್ತಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು, ಕೊಡ ಹೊತ್ತು, ಚೌಡಿಕೆ ನುಡಿಸುವವರು. ಅವರ ದಾರಿಯೇ ಬೇರೆ. 2021ರಲ್ಲಿ ಪದ್ಮಶ್ರೀ ಬಂದ ಮಂಜಮ್ಮ ಅವರು ಜೋಗತಿ ಅನ್ನೋದನ್ನ ಹೆಸರಿಗೇ ಸೇರಿಸಿಕೊಂಡಿಲ್ವಾ? ಮೇಡಂ ಒಪ್ಪದಿದ್ದರೆ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2014ರ ನಾಲ್ಸಾ ತೀರ್ಪು ತೋರಿಸಿ. ಅದರಲ್ಲೇ ಕೋತಿ, ಜೋಗಪ್ಪ ಎರಡೂ ಹೆಸರಿವೆ.

ಕಾಫಿಪುಡಿ:
ಇಷ್ಟೆಲ್ಲ ಯಾಕೆ, 'ಗೇ' ಅಂತ ಬರೆದರೆ ಮುಗೀತಲ್ಲ?

ಸಂಪಿಗೆ, ದಾವಣಗೆರೆ:
ಗೇ ಅನ್ನೋದು ಇಂಗ್ಲಿಷ್ ಬಲ್ಲವರ ಮಾತು ಅಣ್ಣಾ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಹಾಗೆ ಹೇಳಿಕೊಳ್ಳಲ್ಲ. ಹೇಳಿಕೊಂಡವರಿಗೆ ಹಾಗೇ ಬರೀರಿ.

ಟೈಪಿಂಗ್‌ರಾಜ, ತುಮಕೂರು:
ಥ್ಯಾಂಕ್ಸ್ ಎಲ್ಲರಿಗೂ. ಆ ಬ್ರಾಕೆಟ್ ಅಳಿಸಿದೆ. ಅವರು ಅಂದದ್ದನ್ನೇ ಟೈಪ್ ಮಾಡಿ, ಕೊನೆಯಲ್ಲಿ ಪದಗಳ ಅರ್ಥ ಅಂತ ಅರ್ಧ ಪುಟ ಸೇರಿಸಿದ್ದೇನೆ. ಮೇಡಂ ಓದಿ ಫೋನ್ ಮಾಡಿದ್ದರು. ಕೋತಿ ಸರಿ ಹೋಯಿತಂತೆ, ಈಗ ಪಂತಿಗೆ ತ ಹಾಕಬೇಕಾ ಥ ಹಾಕಬೇಕಾ ಅಂತ ಕೇಳುತ್ತಿದ್ದಾರೆ. ಸಂಪಿಗೆ ಅವರೇ?

ಸಂಪಿಗೆ, ದಾವಣಗೆರೆ:
ನಾವು ಇದನ್ನ ಯಾವತ್ತು ಬರೆದಿದ್ದೀವಿ ಮಾರಾಯರೇ, ಬರೀ ಪಿಸುಗುಟ್ಟಿದ್ದೇ. ತ ಹಾಕಿ.