ಪ್ರಶ್ನೋತ್ತರ: ಕಡತ ಸಿದ್ಧವಾಗುವಾಗ ಒಳಗಿರುವವರು ಯಾರು?

ಪ್ರಶ್ನೆ (ಮಾನ್ವಿ ತಾಲ್ಲೂಕಿನ ರೈತರು): ನಮಸ್ಕಾರ ಸರ್. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು. ನೀರಿಗಾಗಿ ವರ್ಷವರ್ಷವೂ ತಹಶೀಲ್ದಾರರಿಗೆ ಮನವಿ ಕೊಡುತ್ತೇವೆ, ರಸ್ತೆ ತಡೆಯುತ್ತೇವೆ. ಉದ್ಯಮದವರ ಮಾತು ಮಾತ್ರ ಎರಡೇ ದಿನದಲ್ಲಿ ಸರ್ಕಾರಕ್ಕೆ ಮುಟ್ಟುತ್ತದೆ. ರಾಜ್ಯ ಮಟ್ಟದಲ್ಲಿ ಲಾಬಿ, ಅಂದರೆ ಸರ್ಕಾರದ ತೀರ್ಮಾನವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುವ ಯತ್ನ, ಇಷ್ಟು ಬೆಳೆದದ್ದೇಕೆ? ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ?

ಉತ್ತರ (ರಾಜ್ಯಶಾಸ್ತ್ರ ಅಧ್ಯಾಪಕರು, ರಾಯಚೂರು): ನಮಸ್ಕಾರ. ಸಂಘ ಕಟ್ಟಿಕೊಂಡು ಬೇಡಿಕೆ ಇಡುವುದು ಸಂವಿಧಾನದ 19ನೇ ವಿಧಿ ಕೊಟ್ಟಿರುವ ಹಕ್ಕು. ಅದರಲ್ಲಿ ಹಣ ಕೈಬದಲಾದರೆ ಅದು 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧ. ಇವೆರಡರ ನಡುವೆ ನಡೆಯುವ ಲಾಬಿಯನ್ನು ದಾಖಲಿಸುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ.

1991ರ ನಂತರ ಕೇಂದ್ರದ ಕೈಗಾರಿಕಾ ಪರವಾನಗಿಗಳು ಬಹುಪಾಲು ರದ್ದಾದವು. ಭೂಮಿ, ನೀರು, ವಿದ್ಯುತ್ ಸಂಪರ್ಕ, ಕಾರ್ಮಿಕ ತಪಾಸಣೆ ಇವೆಲ್ಲ ರಾಜ್ಯದ ಕೈಯಲ್ಲೇ ಉಳಿದವು, ಬಂಡವಾಳಕ್ಕಾಗಿ ರಾಜ್ಯಗಳು ಪೈಪೋಟಿಗೂ ಇಳಿದವು. ಹಾಗಾಗಿ ದೆಹಲಿಗೆ ಹೋಗುತ್ತಿದ್ದ ನಿಯೋಗಗಳು ವಿಧಾನಸೌಧದತ್ತ ತಿರುಗಿದವು. ತಾವು ಹೇಳಿದ ‘ಎರಡೇ ದಿನ’ ಅತಿಶಯೋಕ್ತಿಯಲ್ಲ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ 2024ರ ಜುಲೈ 15ರಂದು ಸಂಪುಟ ಒಪ್ಪಿಗೆ ನೀಡಿತು. ಉದ್ಯಮ ಸಂಘಟನೆಗಳು ವಿರೋಧಿಸಿದ ಮೇಲೆ 17ರಂದೇ ಅದನ್ನು ತಡೆಹಿಡಿಯಲಾಯಿತು. ಆ ಮಸೂದೆ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಆದರೆ ಅಷ್ಟು ಬೇಗ ಓಗೊಡುವ ಕಿವಿ ಕೊನೆ ಭಾಗದ ರೈತನಿಗೂ ಸಿಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮವರಿಗೆ ಈ ವಿದ್ಯೆ ಗೊತ್ತಿಲ್ಲವೆಂದಲ್ಲ. ಪಕ್ಷಭೇದವಿಲ್ಲದೆ ವರ್ಷಗಟ್ಟಲೆ ಪಟ್ಟು ಹಿಡಿದದ್ದರಿಂದಲೇ 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ, ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂದಿತು.

ಪ್ರಶ್ನೆ (ಕೊಪ್ಪಳದ ಸದಸ್ಯೆ): ಸರ್, ಬೇರೆ ದೇಶಗಳಲ್ಲಿ ಇದನ್ನು ದಾಖಲಿಸುತ್ತಾರೆಯೇ? ನಾವು ಈಗ ಮಾಡಬಹುದಾದದ್ದೇನು?

ಉತ್ತರ: ಮೇಡಂ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1890ರಲ್ಲೇ ಲಾಬಿಗಾರರ ನೋಂದಣಿಯನ್ನು ಕಡ್ಡಾಯ ಮಾಡಿತು, ಇಂದು ಅಲ್ಲಿನ 50 ರಾಜ್ಯಗಳಲ್ಲೂ ಇಂಥ ಕಾನೂನುಗಳಿವೆ. ಅದರಿಂದ ಅಲ್ಲಿ ಲಾಬಿ ಕಡಿಮೆಯಾಗಲಿಲ್ಲ, ಆದರೆ ಯಾರು ಯಾರ ಪರವಾಗಿ ಬಂದಿದ್ದರೆಂಬುದನ್ನು ಸಾಮಾನ್ಯ ನಾಗರಿಕನೂ ಓದಬಹುದು. ಅಂಥ ದಾಖಲೆ ನಮ್ಮಲ್ಲಿಯೂ ಬೇಕು.

ಅಲ್ಲಿಯವರೆಗೆ ಮುಖ್ಯವಾದದ್ದು ಸಮಯ. ನಾವು ಆದೇಶ ಹೊರಬಿದ್ದ ಮೇಲೆ ಮನವಿ ಹಿಡಿದು ಹೋಗುತ್ತೇವೆ. ಬಲವುಳ್ಳವರು ಕರಡು ಸಿದ್ಧವಾಗುವಾಗಲೇ ಹೋಗಿರುತ್ತಾರೆ. ಕರಡು ನಿಯಮಗಳು ರಾಜ್ಯಪತ್ರದಲ್ಲಿ ಪ್ರಕಟವಾದಾಗ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ತೀರ್ಮಾನದ ನಂತರ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಡತದ ಟಿಪ್ಪಣಿಗಳನ್ನೂ ಬಂದ ಮನವಿಗಳನ್ನೂ ಕೇಳಿರಿ.

ಮಾನ್ವಿಯವರಿಗೆ ಇನ್ನೊಂದು ಮಾತು. ನೀರಾವರಿ ಸಲಹಾ ಸಮಿತಿ ಸಭೆ ಸೇರುವ ಮೊದಲೇ, ಕಳೆದ ಹಂಗಾಮಿನಲ್ಲಿ ಕಾಲುವೆಯ 104ನೇ ಮೈಲಿನ ಗೇಜ್ (ನೀರಿನ ಮಟ್ಟದ ಅಳತೆ) ಯಾವ ದಿನ ಎಷ್ಟು ಅಡಿ ಇತ್ತೆಂಬ ಪಟ್ಟಿಯನ್ನು ಸದಸ್ಯರೆಲ್ಲರಿಗೂ ತಲುಪಿಸಿರಿ. ‘ನೀರು ಬರಲಿಲ್ಲ’ ಎಂಬ ಮಾತನ್ನು ತಳ್ಳಿಹಾಕುವುದು ಸುಲಭ. ದಿನಾಂಕ ಸಹಿತ ಬರೆದ ಅಡಿ ಲೆಕ್ಕಕ್ಕೆ ಅವರು ಉತ್ತರ ಕೊಡಬೇಕಾಗುತ್ತದೆ.